ಜಪಾನ್ ಮಾಮನ ತಕ್ಕಡಿ

ನಮ್ಮ ಬೀದಿಯ ಕನ್ನಡಕದಂಗಡಿಯ ಯಜಮಾನರಿಗೆ ನಾವಿಟ್ಟ ಹೆಸರು ಜಪಾನ್ ಮಾಮ. ಗಿರಾಕಿಯ ಕಣ್ಣಿಗೆ ಪರೀಕ್ಷೆಯ ಗಾಜು ಏರಿಸಿದರೆಂದರೆ ಮುಗಿಯಿತು, ಪಾಪದವನಿಗೆ ಓಡಿಹೋಗಲೂ ದಾರಿ ಕಾಣದು. "ಈ ಗಾಜು ಚೆನ್ನಾಗಿದ್ಯೋ, ಅದೋ?" ಎಂದು ಶುರುವಾದ ಮಾತು ಜಪಾನಿನ ಸ್ಪೋರ್ಟ್ಸ್ ಕಾರಿಗೇ ಹೋಗಿ ನಿಲ್ಲುತ್ತದೆ. "ಜರ್ಮನಿಯದು ಬರೀ ಗತ್ತು, ಇಟಲಿಯದು ಕೊಂಡವನಿಗೆ ಗ್ಯಾರೇಜೇ ಮಾವನ ಮನೆ. ಜಪಾನಿನದು ನೋಡಿ, ಹಳೇದಾದಷ್ಟೂ ಬೆಲೆ! ಮೊದಲ ತಲೆಮಾರು ಚಿನ್ನ, ಎರಡನೇದು ಬೆಳ್ಳಿ, ಈಗಿನದು ಥಳಕು ಕಣ್ರೀ." ನೆಂಟರನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ: "ನಮ್ಮ ಷಡ್ಡಕ ಇಟಲಿ ಗಾಡಿ, ನೋಡೋಕೆ ಚೆಂದ, ಏರು ಬಂದ್ರೆ ಕೆಮ್ಮು." ಆ ಮೊದಲ ತಲೆಮಾರಿನ ಕಾರೊಂದು ಅವರಲ್ಲೇ ಇತ್ತಂತೆ, ಮಾರಿದ ಮೇಲೆ ಅದರ ಬೆಲೆ ಮುಗಿಲು ಮುಟ್ಟಿತಂತೆ. ನಿನ್ನೆ ನಾನು ಗಾಜು ಏರಿಸಿಕೊಂಡು ಕೂತಿದ್ದಾಗ, ಫ್ರೇಮು ಒರೆಸುತ್ತಿದ್ದ ಅವರ ಮಗಳು ಕೆಣಕಿದಳು: "ಅಷ್ಟೆಲ್ಲ ಗೊತ್ತಿದ್ದೂ ಯಾಕಪ್ಪ ಮಾರಿದೆ?" "ಇದ್ದಿದ್ದು ಎರಡೇ ಸೀಟು ಪುಟ್ಟಿ. ನೀನು ಹುಟ್ಟಿದೆ." "ಹಾಗಾದ್ರೆ ನಷ್ಟ ತಾನೇ? ನನ್ನನ್ನೂ ಆ ಕಾರನ್ನೂ ಹೋಲಿಸಿ ಹೇಳು!" ಜಗತ್ತನ್ನೇ ಹೋಲಿಸಿ ಬದುಕಿದ ಮನುಷ್ಯ ನನ್ನ ಕಣ್ಣಿನ ಗಾಜನ್ನು ಬಿಚ್ಚಿದರು, ಉಫ್ ಎಂದು ಊದಿದರು. "ನಿನ್ನ ಎದುರಿಗೆ ನಿಲ್ಲಿಸೋಕೆ ಯಾವ ಗಾಡಿ ತರಲಿ ಹೇಳೇ?"