ಬ್ಯಾರಿ ಮಾತಾಡಿದ ಸಿಸ್ಟರ್

"ಡ್ಯೂಟಿಯಲ್ಲಿ ನಿದ್ದೆ ಹೋಗಿ ಕನಸು ಕಂಡಿರಬೇಕು" ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ನಾನು ಕಣ್ಣು ಮುಚ್ಚಿಯೇ ಇರಲಿಲ್ಲ. ಮುಚ್ಚಿದ್ದರೆ ಎಷ್ಟೋ ಒಳ್ಳೆಯದಿತ್ತು... ಎಲ್ಲವನ್ನೂ ಕನಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಹುದಿತ್ತು.

ನಾನು ಕಾಪುವಿನವಳು. ಮನೆಮಾತು ಕೊಂಕಣಿ. ನರ್ಸ್ ಕೆಲಸ ಸಿಕ್ಕಿದ್ದು ಕಾರ್ಕಳದ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ, ಹೆಸರು ಬೇಡ. ಅಲ್ಲಿ ಹೆಂಗಸರ ವಾರ್ಡ್ ಇರುವುದು ಬ್ರಿಟಿಷರ ಕಾಲದ ಕಟ್ಟಡದಲ್ಲಿ. ದಪ್ಪ ಮುರಕಲ್ಲಿನ ಗೋಡೆ, ಎತ್ತರದ ಹಂಚಿನ ಮಾಡು, ಉದ್ದದ ಜಗಲಿ. ಹಗಲಿನ ಗಲಾಟೆಯಲ್ಲಿ ಅದು ಬರೀ ಹಳೇ ಕಟ್ಟಡ. ರಾತ್ರಿ ಮಾತ್ರ ಎಷ್ಟು ಮೆಲ್ಲಗೆ ನಡೆದರೂ ಹಿಂದೆ ಇನ್ನೊಬ್ಬರು ನಡೆದ ಹಾಗೆ ಸದ್ದಾಗುತ್ತದೆ. ಗೋಡೆಯ ಪ್ರತಿಧ್ವನಿ ಎಂದು ಹಿರಿಯ ಸಿಸ್ಟರ್‌ಗಳು ಹೇಳಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಸಂಜೆ ಐಸಮ್ಮ ಎಂಬವರು ಅಡ್ಮಿಟ್ ಆದರು. ವಯಸ್ಸಾದ ಬ್ಯಾರಿ ಹೆಂಗಸು. ಹಳೇ ಶುಗರ್, ಕಾಲಲ್ಲಿ ಹುಣ್ಣು, ಮೈ ಸುಡುವ ಜ್ವರ. ಜೊತೆಗಿದ್ದದ್ದು ಮಗಳು ಜೊಹರಾ. ಐಸಮ್ಮನಿಗೆ ಬ್ಯಾರಿ ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೆ. ನನಗೆ ಬ್ಯಾರಿ ಬಾರದು. "ಉಮ್ಮ" ಎಂದರೆ ತಾಯಿ ಎಂಬುದೊಂದು ಗೊತ್ತು, ಮುಗಿಯಿತು. ನೋವು ಎಲ್ಲಿ ಎಂದು ಕೇಳುವುದಕ್ಕೂ ಜೊಹರಾಳೇ ನಡುವೆ ಬೇಕಿತ್ತು.

ರಾತ್ರಿ ಇನ್ಸುಲಿನ್ ಕೊಟ್ಟೆ. ನನ್ನೆದುರೇ ಐಸಮ್ಮ ಗಂಜಿ ಉಂಡರು.

ವಾರ್ಡಿನ ದೀಪ ಆರಿಸಿ ಸ್ವಲ್ಪ ಹೊತ್ತಾಗಿತ್ತು. ಕ್ಯಾಶುವಾಲ್ಟಿಯಿಂದ ಫೋನ್. ಟೆಂಪೋ ಮಗುಚಿ ಒಟ್ಟಿಗೇ ತುಂಬ ಜನ ಬಂದಿದ್ದಾರೆ, ಕೈ ಸಾಲುವುದಿಲ್ಲ. "ಎಂತ ಬೇಕಾದರೂ ಓಡಿ ಬಂದು ಕರಿ" ಎಂದು ಜೊಹರಾಳಿಗೆ ಹೇಳಿ, ಅಂಗಳ ದಾಟಿ ಹೊಸ ಕಟ್ಟಡಕ್ಕೆ ಓಡಿದೆ.

ಅಲ್ಲಿ ರಕ್ತ, ಅಳು, ಡೆಟ್ಟಾಲ್ ವಾಸನೆ. ಡಾಕ್ಟರ್ ಗಾಯಾಳು ಒಬ್ಬನ ಹಣೆಗೆ ಹೊಲಿಗೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ದಾರ, ಕತ್ತರಿ ಕೊಡುತ್ತಿದ್ದೆ. ಒಮ್ಮೆಲೇ... ಹೇಗೆ ಹೇಳಲಿ? ನನ್ನ ಬಾಯೆಲ್ಲ ಸಿಹಿಯಾಯಿತು. ಸಕ್ಕರೆ ನೀರು ಕುಡಿದ ಹಾಗೆ. ಎರಡೂ ಕೈ ಮಂಜುಗಡ್ಡೆಯಂತೆ ತಣ್ಣಗಾದವು. ಕಾರಣವೇ ಇಲ್ಲದೆ ಐಸಮ್ಮನ ಮುಖ ಕಣ್ಣೆದುರು ಬಂತು. ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಡಾಕ್ಟ್ರೇ, ಒಂದ್ಸಲ ವಾರ್ಡಿಗೆ ಹೋಗಿ ಬರ್ತೇನೆ."

"ಇದೊಂದು ಮುಗಿಯಲಿ ಸಿಸ್ಟರ್. ಈಗ ಹೋಗ್ಬೇಡಿ."

ಕೊನೆಯ ಹೊಲಿಗೆ ಬಿದ್ದದ್ದೇ ಓಡಿದೆ.

ಹಳೇ ಕಟ್ಟಡದ ಜಗಲಿ ಹತ್ತಿದಾಗ ನನ್ನ ಚಪ್ಪಲಿಯ ಸದ್ದು ಕೇಳಿಸಿತು. ಪ್ರತಿಧ್ವನಿ ಮಾತ್ರ ಇರಲಿಲ್ಲ. ನಿಂತೆ. ಮತ್ತೆ ನಡೆದೆ. ಇಲ್ಲ... ಹಿಂದೆ ಯಾರೂ ನಡೆಯುತ್ತಿರಲಿಲ್ಲ.

ಐಸಮ್ಮ ದಿಂಬಿಗೆ ಒರಗಿ ಕುಳಿತಿದ್ದರು. ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಮಂಚದ ಬುಡದಿಂದ ವಾಂತಿಯ ಹುಳಿ ವಾಸನೆ. ಉಂಡ ಗಂಜಿಯೆಲ್ಲ ಹೊರಗೆ ಬಂದಿತ್ತು. ಇನ್ಸುಲಿನ್ ಒಳಗೆ, ಹೊಟ್ಟೆ ಖಾಲಿ. ಶುಗರ್ ಇಳಿಯುತ್ತಾ ಹೋದರೆ ನಿದ್ದೆಯಲ್ಲೇ ಜೀವ ಹೋಗಬಹುದು. ಅವರ ಬೆರಳು ಚುಚ್ಚಿ ನೋಡಿದೆ. ಶುಗರ್ ಸರಿಯಾಗಿಯೇ ಇತ್ತು. ಐಸಮ್ಮನ ತುಟಿ ಅಂಟಂಟಾಗಿತ್ತು.

"ಉಮ್ಮನಿಗೆ ಎಂತ ಕೊಟ್ಟೆ?" ಎಂದು ಜೊಹರಾಳನ್ನು ಕೇಳಿದೆ.

"ನಾನೆಂತ ಕೊಟ್ಟದ್ದು? ಸಕ್ಕರೆ ನೀರು ಕುಡಿಸಿದ್ದು ನೀವಲ್ವಾ? ನನಗೆ ನಿದ್ದೆ ಬಂದುಬಿಟ್ಟಿತ್ತು ಸಿಸ್ಟರ್. ನೀವು ಬಂದು ಎಬ್ಬಿಸಿದ್ದಕ್ಕೆ ಉಮ್ಮ ಉಳಿದರು."

"ನಾನು ಬರ್ತಾ ಇರುವುದೇ ಈಗ ಮಾರಾಯ್ತಿ!"

ಅವಳು ನಕ್ಕಳು. "ತಮಾಷೆ ಮಾಡ್ಬೇಡಿ. ನಿಮಗೆ ಬ್ಯಾರಿ ಇಷ್ಟು ಚೆಂದ ಬರ್ತದೆ ಅಂತ ಗೊತ್ತೇ ಇರ್ಲಿಲ್ಲ. ನನ್ನ ಅಜ್ಜಿ ಮಾತಾಡಿದ ಹಾಗೆಯೇ ಉಂಟು... ಹಳೇ ಕಾಲದ್ದು."

ಐಸಮ್ಮ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಏನೋ ಹೇಳಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ನಾನು ಉತ್ತರ ಕೊಡುತ್ತೇನೆಂದು ಅವರು ಕಾಯುತ್ತಿದ್ದರು.

ಮಂಚದ ಪಕ್ಕದ ಲಾಕರಿನ ಮೇಲೆ ನೀಲಿ ಅಂಚಿನ ಬಿಳಿ ಎನಾಮಲ್ ಲೋಟ. ತಳದಲ್ಲಿ ಕರಗದ ಸಕ್ಕರೆ. ಅಂಥ ಲೋಟ ನಮ್ಮ ವಾರ್ಡಿನಲ್ಲಿ ಇರಲಿಲ್ಲ. ಜೊಹರಾ ತಂದದ್ದೂ ಅಲ್ಲ.

ಬೆಳಿಗ್ಗೆ ಡಾಕ್ಟರಲ್ಲಿ ಕೇಳಿದೆ, "ರಾತ್ರಿ ನಾನು ಮಧ್ಯದಲ್ಲಿ ಎಲ್ಲಾದರೂ ಹೋಗಿದ್ದೆನಾ?"

"ಎಲ್ಲಿಗೆ? ಹೊಲಿಗೆ ಮುಗಿಯುವ ತನಕ ನನ್ನ ಪಕ್ಕದಿಂದ ಅಲುಗಾಡ್ಲಿಲ್ಲ ನೀವು. ಹೋಗಿ ಮಲಗಿ ಸಿಸ್ಟರ್, ಸುಸ್ತಾಗಿದೆ ನಿಮಗೆ."

ಐಸಮ್ಮ ಚೇತರಿಸಿಕೊಂಡು ಮನೆಗೆ ಹೋದರು. ನಾನು ಯಾರಲ್ಲೂ ಬಾಯಿ ಬಿಡಲಿಲ್ಲ. ಒಂದು ಜೀವ ಉಳಿಯಿತಲ್ಲ, ಯಾರು ಉಳಿಸಿದರೆ ಏನು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಮನೆಯಲ್ಲಿ ತಲೆ ಬಾಚುವಾಗ ಕನ್ನಡಿಯ ಎದುರು ಹೆಚ್ಚು ಹೊತ್ತು ನಿಲ್ಲುವುದನ್ನು ಬಿಟ್ಟೆ.

ಕೆಲವು ವಾರ ಕಳೆದ ಮೇಲೆ ಜೊಹರಾ ಮಾತ್ರೆ ಒಯ್ಯಲು ಬಂದಳು. ಉರಿ ಬಿಸಿಲಿನ ಮಧ್ಯಾಹ್ನ, ಸುತ್ತ ಜನ.

"ಉಮ್ಮ ಹೇಗಿದ್ದಾರೆ?"

"ನಿನ್ನೆ ರಾತ್ರಿ ನೀವೇ ನೋಡಿದ್ರಲ್ಲ ಸಿಸ್ಟರ್" ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು.

ನಿನ್ನೆ ರಾತ್ರಿ ನಾನು ಕಾಪುವಿನಲ್ಲಿ, ನನ್ನ ಅಮ್ಮನ ಪಕ್ಕದಲ್ಲಿ ಮಲಗಿದ್ದೆ.

"ನಾನು... ನಿಮ್ಮ ಮನೆಗೆ ಬಂದಿದ್ದೆನಾ?"

ಜೊಹರಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಆಗಾಗ ಬರ್ತೀರಲ್ಲ. ಉಮ್ಮನ ಕಾಲು ತೊಳೆದು ಬಟ್ಟೆ ಕಟ್ತೀರಿ. ಚಾ ಸಹ ಕುಡಿಯುವುದಿಲ್ಲ. ಹುಣ್ಣು ಎಷ್ಟು ಒಣಗಿದೆ ಗೊತ್ತುಂಟಾ? ಆದರೆ ಇದನ್ನು ನಾನು ಹೇಳ್ಬಾರ್ದಿತ್ತು. ಹೇಳ್ಬೇಡ ಅಂತ ನೀವೇ ಹೇಳಿದ್ದು."

"ಯಾರಿಗೆ ಹೇಳ್ಬೇಡ ಅಂತ?"

"ನಿಮಗೇ. 'ಆಸ್ಪತ್ರೆಯಲ್ಲಿ ಇರುವವಳಿಗೆ ಗೊತ್ತಾಗಬಾರದು' ಅಂತ."

ಮಾತ್ರೆಯ ಪೊಟ್ಟಣ ಹಿಡಿದು ಅವಳು ಬಸ್ಸಿಗೆ ಹೋದಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತೆ.

ಇಂದಿಗೂ ಅದೇ ವಾರ್ಡಿನಲ್ಲಿದ್ದೇನೆ. ನನ್ನ ಮುಖ ಹೊತ್ತು ಬರುವ ಅವಳು ಯಾರು ಎಂದು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ರಾತ್ರಿ ಪಾಳಿಯಲ್ಲಿ ಕಾಡುವುದು ಬೇರೆಯದೇ... ನನಗೆ ಗೊತ್ತಾಗಿದೆ ಎನ್ನುವುದು ಅವಳಿಗೆ ಗೊತ್ತಾಗಿದೆಯೇ?