ಭಾವನ ಊರಿನಲ್ಲಿ ಒಂದೇ ಹಾಸಿಗೆ

ನಮ್ಮ ಭಾವ ಮನುಷ್ಯರನ್ನು ಅಳೆಯುವುದು ಮಿಲಿಮೀಟರಿನಲ್ಲಿ. ಯಾರೇ ಎದುರು ಬಂದು ನಿಂತರೂ ಅವರು ಮೊದಲು ನೋಡುವುದು ಎರಡು ಕಣ್ಣುಗಳ ನಡುವಿನ ಅಂತರವನ್ನು. ಅದು ಅವರ ಕಸುಬು. ಕನ್ನಡಕದ ಅಂಗಡಿಯ ಹಿಂಭಾಗದ ಸಣ್ಣ ಕೋಣೆಯಲ್ಲಿ ಕೂತು, ಗಾಜಿನ ಮೇಲೆ ಸರಿಯಾದ ಜಾಗಕ್ಕೆ ಚುಕ್ಕಿಯಿಟ್ಟು, ಯಂತ್ರಕ್ಕೆ ಕೊಟ್ಟು ಅಂಚು ಅರೆದು, ಫ್ರೇಮನ್ನು ಬಿಸಿ ಮಾಡಿ ಬಗ್ಗಿಸಿ, ಅದರೊಳಗೆ ಗಾಜು ಕೂರಿಸುತ್ತಾರೆ. ಚುಕ್ಕಿ ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆನೋವು. ತಾವು ಮಾಡಿಕೊಟ್ಟ ಕನ್ನಡಕದಿಂದ ಈವರೆಗೆ ಒಬ್ಬರಿಗೂ ತಲೆನೋವು ಬಂದಿಲ್ಲ ಎಂದು ಹೇಳಿಕೊಳ್ಳುತ್ತಾರೆ. ಮನೆಯವರ ತಲೆನೋವನ್ನು ಆ ಲೆಕ್ಕಕ್ಕೆ ಸೇರಿಸಿಲ್ಲ.

ನನ್ನ ಅಕ್ಕ ಬಸ್ ಓಡಿಸುತ್ತಾಳೆ. ಕೆಲಸಕ್ಕೆ ಸೇರುವಾಗ ಕಣ್ಣಿನ ಪರೀಕ್ಷೆ ಮಾಡಿಸಿ, ಕನ್ನಡಕ ತರಲು ಹೋದವಳು ಈ ಮನುಷ್ಯನನ್ನೂ ನೋಡಿಕೊಂಡು ಬಂದಳು. ಭಾವ ಅವಳಿಗೆ ಹೇಳಿದ ಮೊದಲ ಮಾತು, ನಿಮ್ಮ ಎಡಗಿವಿ ಬಲಗಿವಿಗಿಂತ ಸ್ವಲ್ಪ ಮೇಲಿದೆ ಎಂಬುದಂತೆ. ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಅಕ್ಕ ಮಾತ್ರ, ಇಷ್ಟು ವರ್ಷ ಯಾರೂ ಇದನ್ನು ಗಮನಿಸಿರಲಿಲ್ಲ ಎಂದು ಮನೆಗೆ ಬಂದು ಹೇಳಿ ಹೇಳಿ ನಕ್ಕಳು. ಮದುವೆಯಾಯಿತು. ಮಕ್ಕಳಾಗಲಿಲ್ಲ. ಅದನ್ನು ಇಬ್ಬರೂ ಅತ್ತು, ಮಾತಾಡಿ, ಬಹಳ ಹಿಂದೆಯೇ ಮುಗಿಸಿಕೊಂಡಿದ್ದರು. ಮನೆಗೆ ಮೌನ ಬಂದದ್ದು ಅದರಿಂದಲ್ಲ, ಒಂದು ಕಂಪ್ಯೂಟರಿನಿಂದ.

ಅಂಗಡಿಗೆ ಹೊಸದು ಬಂದಾಗ ಯಜಮಾನರು ಹಳೆಯ ಕಂಪ್ಯೂಟರನ್ನು ಭಾವನಿಗೆ ಕೊಟ್ಟುಬಿಟ್ಟರು. ಭಾವ ಅದನ್ನು ಒಳಕೋಣೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಇಟ್ಟರು. ಮೊದಲು ಇಸ್ಪೀಟು ಆಡುತ್ತಿದ್ದರು. ಆಮೇಲೆ ಒಂದು ಕಟ್ಟುವ ಆಟ ಸಿಕ್ಕಿತು. ಅದರಲ್ಲಿ ಎಲ್ಲವೂ ಚೌಕ ಚೌಕ. ಮರ, ಬೆಟ್ಟ, ಸಮುದ್ರ, ಕುರಿ, ಆಡುವವನ ತಲೆ ಸಮೇತ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಮಕ್ಕಳು ಮರಳುಗುಡ್ಡೆ ಹತ್ತಿ ಕೂತು ಮನಸ್ಸಿಗೆ ಬಂದದ್ದನ್ನು ಕಟ್ಟುವ ಹಾಗೆ, ಅಗೆದು ತಂದದ್ದನ್ನು ಪೇರಿಸುತ್ತಾ ಹೋಗುವುದು. ಕತ್ತಲಾದರೆ ಭೂತಗಳು ಹುಟ್ಟಿಕೊಂಡು ಹೊಡೆಯಲು ಬರುತ್ತವೆ. ಆಗ ಹಾಸಿಗೆಯ ಮೇಲೆ ಮಲಗಿದರೆ ಸಾಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆಳಗಾಗುತ್ತದೆ. ಭಾವ ಅದರೊಳಗೆ ಒಂದು ಊರನ್ನೇ ಕಟ್ಟಿದರು. ದೀಪಸ್ತಂಭ, ಗ್ರಂಥಾಲಯ, ಸೇತುವೆ, ತನ್ನಷ್ಟಕ್ಕೇ ಮೇಲೆ ಕೆಳಗೆ ಹೋಗುವ ಲಿಫ್ಟು, ಸಂಜೆಯಾದರೆ ತಾವಾಗಿ ಹತ್ತಿಕೊಳ್ಳುವ ಬೀದಿದೀಪಗಳು. ಅಂಗಡಿಯಿಂದ ಬಂದು ಕೈಕಾಲು ತೊಳೆದರೆ ಆಯಿತು, ಆ ಊರಿಗೆ ಹೊರಟುಬಿಡುತ್ತಿದ್ದರು.

ನಾನು ಟಿವಿ, ಫ್ರಿಜ್ಜು ಮಾರುವ ದೊಡ್ಡ ಮಳಿಗೆಯಲ್ಲಿ ಕೆಲಸ ಮಾಡುತ್ತೇನೆ. ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್ ಪೆಟ್ಟಿಗೆಗಳ ವಿಭಾಗ ನನ್ನದೇ. ಹಾಗಾಗಿ ಭಾವನಿಗೂ ನನಗೂ ಕಾಲು ಕೆರೆದು ಜಗಳಕ್ಕೆ ನಿಲ್ಲಲು ಒಂದು ವಿಷಯ ಯಾವಾಗಲೂ ಇತ್ತು. ಅವರ ಕಟ್ಟುವ ಆಟ ಕನ್ಸೋಲಿಗೂ ಬಂದಿತ್ತು. ಮಗಳು ಆಡೋ ಆ ಆಟ ಇದರಲ್ಲಿ ಬರುತ್ತಾ ಎಂದು ಕೇಳಿಕೊಂಡು ಬರುವ ತಾಯಂದಿರು ಹೆಚ್ಚುತ್ತಲೇ ಇದ್ದರು. ನೋಡ್ತಾ ಇರಿ ಭಾವ, ನಿಮ್ಮ ಕಂಪ್ಯೂಟರಿನ ಕಾಲ ಮುಗೀತು ಎಂದು ನಾನು ಕೆಣಕುತ್ತಿದ್ದೆ. ಅವರು ಕಡ್ಡಿ ಮುರಿದಂತೆ ಹೇಳುತ್ತಿದ್ದರು, ಸಾಧ್ಯವೇ ಇಲ್ಲ ಎಂದು. ಆ ಆಟ ಹುಟ್ಟಿದ್ದೇ ಕಂಪ್ಯೂಟರಿನಲ್ಲಿ. ಇದರಲ್ಲಾದರೆ ಆಟದ ಹೊಟ್ಟೆ ಬಗೆದು ನಮಗೆ ಬೇಕಾದದ್ದನ್ನು ಸೇರಿಸಬಹುದು, ಮೌಸ್ ಹಿಡಿದರೆ ಇಟ್ಟ ಗುರಿ ತಪ್ಪುವುದಿಲ್ಲ. ಕನ್ಸೋಲಿನಲ್ಲಿ ಕಂಪನಿ ಬಡಿಸಿದ್ದನ್ನು ಉಣ್ಣಬೇಕು, ಅದೂ ಎರಡು ಹೆಬ್ಬೆರಳಲ್ಲಿ ಗುಂಡಿ ಒತ್ತುತ್ತಾ. ಎಷ್ಟು ಜನ ಆಡುತ್ತಾರೆ ಎನ್ನುವುದು ಬೇರೆ, ಎಲ್ಲಿ ಚೆನ್ನಾಗಿ ಆಡಬಹುದು ಎನ್ನುವುದು ಬೇರೆ ಎಂದು ಒಮ್ಮೆ ಹೇಳಿದರು. ಆ ಮಾತನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಅಂತರ್ಜಾಲದ ಒಂದು ಗುಂಪಿನಲ್ಲಿ ‘ಕನ್ನಡಕ’ ಎಂಬ ಹೆಸರಿನಲ್ಲಿ ಇದನ್ನೇ ಉದ್ದುದ್ದ ಬರೆದು, ಕನ್ಸೋಲಿನವರ ಜೊತೆ ಹಾವು ಮುಂಗುಸಿಯಂತೆ ಕಾದಾಡುತ್ತಿದ್ದರು.

ಅಕ್ಕ ಈ ವಾದಕ್ಕೆ ತಲೆ ಹಾಕುತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸು ಅವಳದ್ದು, ಬೇಗ ಮಲಗಬೇಕು. ಒಂದೇ ಒಂದು ಸಲ, ತಟ್ಟೆ ಎತ್ತಿಕೊಂಡು ಹೋಗುತ್ತಾ ಹೇಳಿದಳು.

“ಯಾವುದು ಗೆದ್ರೂ ನನಗೆ ಕಾಣೋದು ಇವರ ಬೆನ್ನು ತಾನೆ.”

ಭಾವ ನಕ್ಕರು. ಅದು ತಮಾಷೆಯ ಮಾತಲ್ಲ ಎಂದು ನನಗೆ ಗೊತ್ತಾಯಿತು, ಅವರಿಗೆ ಆಗಲಿಲ್ಲ. ಕೂದಲೆಳೆಯನ್ನು ಅಳೆಯುವ ಮನುಷ್ಯನಿಗೆ ಇಷ್ಟು ದೊಡ್ಡದು ಕಾಣಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಆಮೇಲೆ ಒಂದು ದಿನ ಅಕ್ಕ ನನ್ನನ್ನು ಬಸ್ಸಿನ ಕೊನೆಯ ನಿಲ್ದಾಣದವರೆಗೆ ಕರೆದುಕೊಂಡು ಹೋದಳು. ಎಲ್ಲರೂ ಇಳಿದ ಮೇಲೆ ಇಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ವಿಷಯ ಹೇಳಿದಳು. ದೂರದ ಊರಿನ ಡಿಪೋದಲ್ಲಿ ಹೊಸ ಚಾಲಕರಿಗೆ ತರಬೇತಿ ಕೊಡುವ ಕೆಲಸ ಖಾಲಿ ಇದೆ. ಅವಳನ್ನೇ ಕೇಳಿದ್ದಾರೆ. ಸೋಮವಾರ ಉತ್ತರ ಹೇಳಬೇಕು. ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಳು, ಒಬ್ಬಳೇ. ಭಾವನಿಗೆ ಹೇಳಿದೆಯಾ ಎಂದು ಕೇಳಿದೆ.

“ಹೇಳಿದ್ರೆ ಹೂಂ ಅಂತಾರೆ ಕಣೇ,” ಎಂದಳು. “ಆ ಹೂಂ ಕೇಳೋಕೆ ನನಗೆ ಇಷ್ಟ ಇಲ್ಲ.”

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಅವಳು ಕನ್ನಡಿ ನೋಡಿ, ಬಾಗಿಲು ಹಾಕಿ, ಬಸ್ಸನ್ನು ತಿರುಗಿಸಿದಳು.

ಅದೇ ವಾರ ಭಾವನ ಕಂಪ್ಯೂಟರ್ ಕೈಕೊಟ್ಟಿತು. ಸುಟ್ಟ ವಾಸನೆ ಬಂದು ಆರಿಹೋಯಿತು. ಅಷ್ಟು ಹಳೆಯದರ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಭಾವ ಅಂಡು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಹಾಲಿಗೂ ಓಡಾಡತೊಡಗಿದರು. ಹೊಲಿಗೆ ಬಿಟ್ಟ ದಿಂಬಿನ ಹೊದಿಕೆ ಸರಿ ಮಾಡಿದರು, ಸರಿಯಿದ್ದ ನಲ್ಲಿಯನ್ನು ಬಿಚ್ಚಿ ಕೆಡಿಸಿದರು. ಎರಡು ದಿನ ನೋಡಿದ ಅಕ್ಕ ನನ್ನ ಮಳಿಗೆಗೆ ಬಂದು, ಒಂದು ಕನ್ಸೋಲ್ ಕೊಡು ಎಂದಳು. ಭಾವನಿಗೆ ಕನ್ಸೋಲಾ ಎಂದು ನಾನು ನಗುವುದರೊಳಗೆ ಅವಳ ಮುಖ ಕಂಡಿತು.

“ನಾನು ಹೋದ ಮೇಲೆ ಆ ಮನೇಲಿ ಗೋಡೆ ಬಿಟ್ರೆ ಇನ್ನೇನಿರುತ್ತೆ? ಆಟನಾದ್ರೂ ಇರ್ಲಿ.”

ಬಿಟ್ಟುಹೋಗುವವಳು ಇಟ್ಟುಹೋಗುವ ಉಡುಗೊರೆ ಅದು ಎಂದು ಗೊತ್ತಿದ್ದೂ ಬಿಲ್ಲು ಹಾಕಿದೆ. ನಮ್ಮ ರಿಪೇರಿ ವಿಭಾಗದವನು ಸುಟ್ಟ ಕಂಪ್ಯೂಟರಿನ ಡಿಸ್ಕಿನಿಂದ ಭಾವನ ಊರನ್ನು ಹೊರಗೆ ತೆಗೆದು ಕನ್ಸೋಲಿಗೆ ಒಗ್ಗುವಂತೆ ಮಾಡಿಕೊಟ್ಟ. ಮನೆ, ಬೀದಿ ಎಲ್ಲ ಹಾಗೇ ಬರುತ್ತವೆ, ಆದರೆ ಎರಡರ ಒಳಗಿನ ಲೆಕ್ಕ ಬೇರೆ, ಲಿಫ್ಟು, ದೀಪಗಳು ಕೆಲಸ ಮಾಡುತ್ತವೆಂದು ಹೇಳಲಾರೆ ಎಂದ.

ಭಾನುವಾರ ಮಧ್ಯಾಹ್ನ ಹಾಲಿನ ಟಿವಿಗೆ ಅದನ್ನು ಜೋಡಿಸಿದೆ. ಭಾವ ಸೋಫಾದ ತುದಿಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿದ್ದರು. ಡಬ್ಬಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಎರಡು ಇದ್ದವು. ಎರಡನೆಯದು ಸರಿಯಿದೆಯೋ ನೋಡೋಣ, ಹಿಡಿದುಕೋ ಎಂದು ಅಕ್ಕನ ಕೈಗೆ ಕೊಟ್ಟೆ. ಗುಂಡಿ ಒತ್ತಿದಳು. ಟಿವಿಯ ಪರದೆ ಅಡ್ಡಕ್ಕೆ ಎರಡು ಭಾಗವಾಯಿತು. ಮೇಲಿನ ಅರ್ಧ ಭಾವನದು, ಕೆಳಗಿನ ಅರ್ಧ ಅಕ್ಕನದು. ಭಾವನ ಊರಿನ ಬೀದಿಯಲ್ಲಿ ಮೊದಲ ಬಾರಿಗೆ ಇನ್ನೊಬ್ಬರು ನಿಂತಿದ್ದರು.

ಅಷ್ಟೆಲ್ಲ ವಾದ ಮಾಡಿದ್ದ ನನಗೆ ಈ ಸಣ್ಣ ವಿಷಯ ಹೊಳೆದೇ ಇರಲಿಲ್ಲ. ಕಂಪ್ಯೂಟರಿನ ಮುಂದೆ ಹಾಕುವುದು ಒಂದು ಕುರ್ಚಿ. ಟಿವಿಯ ಮುಂದೆ ಇರುವುದು ಸೋಫಾ. ಅಷ್ಟರಿಂದಲೇ ಕನ್ಸೋಲು ಮನೆಗಳನ್ನು ಉದ್ಧಾರ ಮಾಡಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಕನ್ಸೋಲನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುವವರನ್ನೂ ಬೇಕಾದಷ್ಟು ಕಂಡಿದ್ದೇನೆ. ಆದರೆ ಆ ದಿನ ಆ ಹಾಲಿನಲ್ಲಿ ಅವರಿಬ್ಬರ ಮೊಣಕೈ ತಾಗುತ್ತಿತ್ತು.

ಭಾವನ ಹೆಬ್ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಅವರ ಚೌಕ ಮನುಷ್ಯ ಗೋಡೆಗೆ ಮುಖ ಉಜ್ಜುತ್ತಾ ನಿಂತ. ಅಕ್ಕನವನು ಮಾತ್ರ ತಿರುವುಗಳಲ್ಲಿ ನಿಧಾನಿಸಿ, ಎಲ್ಲೂ ತಾಗದೆ ಸರಾಗವಾಗಿ ಹೋದ. ಲಿಫ್ಟು ಅಲ್ಲಾಡಲಿಲ್ಲ. ನೋಡಿದ್ಯಾ, ನಾನು ಬಡ್ಕೊಂಡಿದ್ದು ಇದಕ್ಕೇ ಎಂದು ಭಾವ ನನ್ನ ಕಡೆ ಗುರ್ ಎಂದರು. ಅವರು ಹೇಳಿದ್ದು ನಿಜವೇ. ಅಕ್ಕ ಒಂದೊಂದೇ ಮನೆಯೊಳಗೆ ಹೋಗಿ ನೋಡಿ ಬಂದಳು. ಇಲ್ಲಿ ಯಾರಿದ್ದಾರೆ ಎಂದು ಕೇಳುತ್ತಿದ್ದಳು. ಯಾರೂ ಇಲ್ಲ ಎಂದು ಭಾವ ಹೇಳುತ್ತಿದ್ದರು. ಮುಂದಿನ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ.

ಆಟದೊಳಗೆ ಹೊತ್ತು ಮುಳುಗಿತು. ಬೀದಿದೀಪಗಳು ಹತ್ತಿಕೊಳ್ಳಲಿಲ್ಲ. ಭಾವ ಹೇಗೋ ದೀಪಸ್ತಂಭದ ಮೇಲಿನ ಕೋಣೆ ಸೇರಿ ಹಾಸಿಗೆಯ ಮೇಲೆ ಮಲಗಿದರು. ಬೆಳಗಾಗಲಿಲ್ಲ. ಎದ್ದು ಮತ್ತೆ ಮಲಗಿದರು. ಇದೂ ಕೆಟ್ಟುಹೋಗಿದೆಯಾ ಎಂದು ಗೊಣಗಿದರು. ಕೆಟ್ಟಿಲ್ಲ ಎಂದು ನನಗೆ ಗೊತ್ತಿತ್ತು. ಅದು ಆಟದ ನಿಯಮ. ಕಂಪ್ಯೂಟರಿನಲ್ಲೂ ಅದೇ ನಿಯಮ, ಸದಾ ಒಬ್ಬರೇ ಆಡಿದ ಭಾವನಿಗೆ ಅದು ಎದುರಾಗಿರಲಿಲ್ಲ ಅಷ್ಟೆ.

“ಇಬ್ಬರಿದ್ರೆ ಇಬ್ಬರೂ ಮಲಗಬೇಕು ಭಾವ. ಒಬ್ಬರೇ ಮಲಗಿದ್ರೆ ಬೆಳಗಾಗಲ್ಲ.”

ಅಕ್ಕ ಕೇಳಿದಳು, “ನನ್ನ ಹಾಸಿಗೆ ಎಲ್ಲಿದೆ?”

ಭಾವನ ಕಿವಿಗಳು ಕೆಂಪಾದವು. ಇಷ್ಟೊಂದು ಮನೆ ಕಟ್ಟಿದ್ದೀರಿ, ಇನ್ನೊಂದು ಹಾಸಿಗೆ ಇಲ್ಲವಾ ಎಂದು ಅಕ್ಕ ಮತ್ತೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಅಪರಿಚಿತರನ್ನು ಕೇಳುವ ದನಿ. ಅವಳು ಸಿಟ್ಟಾಗಿದ್ದರೇ ಎಷ್ಟೋ ವಾಸಿಯಿತ್ತು.

ಹಾಸಿಗೆ ಮಾಡಲು ಮರ ಮತ್ತು ಉಣ್ಣೆ ಬೇಕು. ಮರ ಮನೆಯಲ್ಲೇ ಇತ್ತು. ಉಣ್ಣೆಗೆ ಬೆಟ್ಟದಾಚೆಯ ಕುರಿಗಳ ಹತ್ತಿರ ಹೋಗಬೇಕು, ಆ ಕತ್ತಲಲ್ಲಿ. ಭಾವ ಹೊರಟೇಬಿಟ್ಟರು. ಮೌಸ್ ಕೈಯಲ್ಲಿದ್ದಿದ್ದರೆ ಭೂತಗಳನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲವೇನೋ. ಇಲ್ಲಿ ಕತ್ತಿ ಬೀಸುವ ಬದಲು ಜಿಗಿದರು, ಓಡುವ ಬದಲು ಕೂತರು. ಎರಡು ಸಲ ಸತ್ತು, ಎರಡು ಸಲವೂ ಅದೇ ಹಾಸಿಗೆಯಲ್ಲಿ ಎದ್ದರು. ಮೂರನೆಯ ಸಲ ಹೊರಡುವಾಗ, ನಾನು ಮುಂದೆ ಹೋಗ್ತೀನಿ, ನೀವು ನನ್ನ ಹಿಂದೆ ಬನ್ನಿ ಎಂದು ಅಕ್ಕ ಪಂಜು ಹಿಡಿದು ಹೊರಟಳು.

ಇಬ್ಬರೂ ಬೆಟ್ಟ ಹತ್ತುತ್ತಿದ್ದರು. ಭಾವ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು, “ನಾಳೆ ಡಿಪೋಲಿ ಏನಂತ ಹೇಳ್ತೀಯ?”

ಅಕ್ಕ ನನ್ನತ್ತ ನೋಡಿದಳು. ಹೇಳಿದ್ದು ನಾನಲ್ಲ ಎಂದು ತಲೆಯಾಡಿಸಿದೆ. ಡಿಪೋದ ಗುಮಾಸ್ತರೊಬ್ಬರು ಕನ್ನಡಕ ಮಾಡಿಸಲು ಬಂದವರು, ನಿಮ್ಮ ಮನೆಯವರಿಗೆ ದೊಡ್ಡ ಕೆಲಸ ಸಿಗುತ್ತಿದೆಯಂತಲ್ಲ ಎಂದು ಭಾವನ ಕೈ ಕುಲುಕಿದ್ದರಂತೆ. ಕಂಪ್ಯೂಟರ್ ಸುಡುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು.

“ಗೊತ್ತಿದ್ದೂ ಸುಮ್ಮನಿದ್ರಾ?” ಅಕ್ಕ ಕೇಳಿದಳು.

“ಹೋಗಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?” ಎಂದರು ಭಾವ. “ಇಷ್ಟು ವರ್ಷ ಬೆನ್ನು ಮಾಡಿ ಕೂತೋನು ನಾನು. ನೀನು ಹೋಗೋದು ಸರಿ ಅಂತ ನನಗೇ ಅನ್ನಿಸ್ತು.”

ಕುರಿಗಳು ಸಿಕ್ಕಿದ್ದವು. ಅಕ್ಕನ ಚೌಕ ಮನುಷ್ಯ ಪಂಜು ಹಿಡಿದು ಅವುಗಳ ನಡುವೆ ಸುಮ್ಮನೆ ನಿಂತಿದ್ದ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಎರಡು ಕೈಯಲ್ಲೂ ಕಂಟ್ರೋಲರ್ ಇದ್ದದ್ದರಿಂದ ಒರೆಸಿಕೊಳ್ಳಲಿಲ್ಲ.

“ಹೋಗಬೇಡ ಅನ್ನೋದು ನನಗೆ ಬೇಕಿರಲಿಲ್ಲ ರೀ. ನಾನೂ ಬರ್ತೀನಿ ಅನ್ನೋದು ಬೇಕಿತ್ತು. ಕಣ್ಣಿದ್ದೋರು ಇರೋ ಕಡೆಯೆಲ್ಲ ಕನ್ನಡಕದ ಅಂಗಡಿ ಇರುತ್ತೆ.”

ಭಾವ ಟಿವಿಯಿಂದ ಮುಖ ತಿರುಗಿಸಿದರು. ಪೂರ್ತಿಯಾಗಿ ತಿರುಗಿ, ಸೋಫಾದ ಮೇಲೆ ಒಂದು ಕಾಲು ಮಡಿಚಿ, ಅಕ್ಕನಿಗೆ ಎದುರಾಗಿ ಕೂತರು. ಪರದೆಯ ಮೇಲಿನ ಅರ್ಧದಲ್ಲಿ ಎರಡು ಭೂತಗಳು ಬಂದು ಅವರ ಮನುಷ್ಯನನ್ನು ಬಡಿಯತೊಡಗಿದವು. ನಾನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅಕ್ಕನಿಗೇ ಕಂಡಿತು.

“ರೀ, ನಿಮ್ಮವನು ಸಾಯ್ತಿದ್ದಾನೆ ನೋಡಿ.”

“ಸಾಯ್ಲಿ ಬಿಡು,” ಎಂದರು ಭಾವ. “ನಾವು ಯಾವತ್ತು ಹೊರಡೋದು, ಅದನ್ನ ಹೇಳು.”