ಬಸ್ಸಿನ ಮೇಲೆ ಹೋದ ಕಲ್ಲುಗಳು

ಎಂಟು ದಿನ ಗುಡ್ಡ ಅಲೆದು ಆರಿಸಿದ್ದ ಕಲ್ಲುಗಳ ಚೀಲವನ್ನು ಬಸ್ಸಿನ ಮೇಲೆಯೇ ಮರೆತು, ಬೆಳಿಗ್ಗೆ ಹುನಗುಂದದಲ್ಲಿ ಇಳಿದುಬಿಟ್ಟೆ. ಬಸ್ಸು ಬಾಗಲಕೋಟೆಗೆ ಹೋಯಿತು. ಸಂಜೆ ಅದು ಮರಳುವವರೆಗೆ ನಿಲ್ದಾಣದಲ್ಲೇ ಕೂತಿದ್ದೆ. ಕೊನೆಗೆ ಕಂಡಕ್ಟರ್ ಹುಸೇನಸಾಬರು ಚೀಲವನ್ನು ಹೆಗಲ ಮೇಲೆ ಹೊತ್ತು ತಂದರು.

“ಡ್ರೈವರ್ ಒಗಿ ಅಂದ. ಒಂದೊಂದಕ್ಕೂ ನಂಬರ್ ಬರದೀರಿ, ಅದಕ್ಕ ಇಟ್ಕೊಂಡೇನ್ರಿ. ಏನ್ ಕಲ್ಲ್ರಿ ಇವು?”

ಹೋದ ಜೀವ ಬಂದಂತಾಗಿತ್ತು. ಭೂಮಿಯ ಬಹಳ ಆಳದಿಂದ ಉಕ್ಕಿಬಂದ ಅಪರೂಪದ ಕಲ್ಲುಗಳಿವು, ಕೋಟಿಗಟ್ಟಲೆ ವರ್ಷಗಳ ಹಿಂದೆ ಎರಡು ಭೂಖಂಡಗಳು ಇಲ್ಲೇ ಡಿಕ್ಕಿಯಾಗಿ ಬೆಸೆದುಕೊಂಡವೇ ಎಂಬುದನ್ನು ಇವುಗಳಿಂದ ತಿಳಿಯಬಹುದು ಎಂದು ವಿವರಿಸಿದೆ.

ಅವರು ಕಾಲಡಿಯ ನೆಲ ನೋಡಿದರು. “ಬೆಸುಗಿ ಗಟ್ಟಿ ಐತೇನ್ರಿ?”

“ಬಹಳ ಗಟ್ಟಿ,” ಎಂದೆ.

“ಹಂಗಾದ್ರ ಛಲೋ ಆತು. ಬಸ್ ತುಂಬ ಮಂದಿ ಅದಾರ,” ಎಂದು ಸೀಟಿ ಊದಿದರು.